ಬಾಟಲಿಗೆ ಎಷ್ಟು ರಬ್ಬರ್ ಬ್ಯಾಂಡ್: ಕಣ್ಣು ಕಾಣದ ಇಬ್ಬರು ಕೂಸು ಸಾಕುವ ಬಗೆ

ಪ್ಯಾರಾಸಿಟಮಾಲ್ ಡ್ರಾಪ್ಸ್ ಬಾಟಲಿಗೆ ಒಂದು ರಬ್ಬರ್ ಬ್ಯಾಂಡ್, ಸಿರಪ್ಪಿಗೆ ಎರಡು, ಕಬ್ಬಿಣಾಂಶದ ಟಾನಿಕ್ಕಿಗೆ ಮೂರು. ಬ್ಯಾಂಡನ್ನು ಮುಚ್ಚಳಕ್ಕೆ ಸುತ್ತಬಾರದು, ಬಾಟಲಿಯ ಮೈಗೇ ಸುತ್ತಬೇಕು. ಮುಚ್ಚಳ ಅದಲುಬದಲಾದರೆ ಗುರುತೂ ಅದರ ಜೊತೆಗೇ ಹೋಗುತ್ತದೆ.

ಬಾಗಲಕೋಟೆಯ ನವನಗರದಲ್ಲಿ ಮನೆ ಹೂಡಿ, ಕೂಸು ಹುಟ್ಟಿದಾಗಿನಿಂದ ಓಣಿಯವರು ಕೇಳುತ್ತ ಬಂದದ್ದು ಒಂದೇ ಮಾತು: “ಅಕ್ಕಾರ, ಇಬ್ಬರಿಗೂ ಕಾಣಂಗಿಲ್ಲ, ಕೂಸಿನ್ನ ಹ್ಯಾಂಗ ಜ್ವಾಪಾನ ಮಾಡತೀರಿ?” ಇಂಥ ರಬ್ಬರ್ ಬ್ಯಾಂಡುಗಳಿಂದಲೇ ಮಾಡುತ್ತೇವೆ ಅಂದರೆ ಯಾರೂ ನಂಬುವುದಿಲ್ಲ. “ನಿಮ್ಮ ನೆನಪು ಭಾಳ ಛಲೋ ಬಿಡ್ರಿ” ಅನ್ನುತ್ತಾರೆ. ರಾತ್ರಿ ಎರಡಕ್ಕೆ ಕೂಸಿನ ಮೈ ಸುಡುವಾಗ ಯಾರ ನೆನಪೂ ಛಲೋ ಇರುವುದಿಲ್ಲ. ಆಗ ಕೈಗೆ ಬೇಕಾದದ್ದು ವಸ್ತು ಇಟ್ಟ ಜಾಗ, ಅದರ ಮೇಲಿನ ಗುರುತು.

ನನಗೆ ತಿಳಿಯುವುದು ಬೆಳಕು, ಕತ್ತಲೆ ಅಷ್ಟೇ. ಸಣ್ಣವಳಿದ್ದಾಗ ಗೊಬ್ಬರ (ದಡಾರ) ಬಂದು ಎರಡೂ ಕಣ್ಣಿನ ಕರಿಗುಡ್ಡೆಯ ಮೇಲಿನ ಪೊರೆ ಬೆಳ್ಳಗಾಯಿತು. ಯಜಮಾನರಿಗೆ ರೆಟಿನೈಟಿಸ್ ಪಿಗ್ಮೆಂಟೋಸಾ. ಕೊಳವೆಯೊಳಗಿಂದ ನೋಡಿದ ಹಾಗೆ ನಡುವಿನಷ್ಟು ಕಾಣುತ್ತದೆ, ಸಂಜೆಯಾದರೆ ಅದೂ ಇಲ್ಲ. ಈ ಎರಡು ಬಗೆಗೆ ಬೇಕಾಗುವ ಏರ್ಪಾಡು ಬೇರೆ ಬೇರೆ. ಪೂರಾ ಕಾಣದವರಿಗೆ ಇಟ್ಟದ್ದು ಇಟ್ಟಲ್ಲೇ ಇರಬೇಕು. ಅರೆಬರೆ ಕಾಣುವವರಿಗೆ ಬಣ್ಣದ ಅಂತರ ಬೇಕು: ಸ್ಟೀಲ್ ಲೋಟದಲ್ಲಿ ಹಾಲು ಎಷ್ಟಿದೆ ಅನ್ನುವುದು ಅವರಿಗೆ ತಿಳಿಯದು, ಗಾಢ ನೀಲಿ ಕಪ್ಪಿನಲ್ಲಿ ತಿಳಿಯುತ್ತದೆ. ದೀಪ ಎದುರಿಗಿದ್ದರೆ ಕಣ್ಣು ಕೋರೈಸುತ್ತದೆ, ಹೆಗಲ ಹಿಂದಿನಿಂದ ಬೀಳಬೇಕು. ಬಾಗಿಲ ಮೆಟ್ಟಿಲಿನ ಅಂಚಿಗೆ ಎರಡು ಬೆರಳು ಅಗಲದ ಹಳದಿ ಪಟ್ಟಿ ಬಳಿದದ್ದು ಅವರಿಗಾಗಿ. ಅದರ ಮೇಲೆ ಉಸುಕು ಉದುರಿಸಿದ್ದು ನನ್ನ ಅಂಗಾಲಿಗಾಗಿ.

“ಕೂಸಿಗೂ ಬರತೈತೇನ್ರಿ?” ಎಂಬ ಪ್ರಶ್ನೆಗೆ ಒಂದೇ ಉತ್ತರ ಇಲ್ಲ. ಗೊಬ್ಬರದಿಂದ ಹೋದ ದೃಷ್ಟಿ ಮಕ್ಕಳಿಗೆ ಇಳಿಯುವುದಿಲ್ಲ. ರೆಟಿನೈಟಿಸ್ ಪಿಗ್ಮೆಂಟೋಸಾ ಇಳಿಯುವ ಬಗೆಗಳು ಹಲವು. ಕೆಲವು ಬಗೆಗಳಲ್ಲಿ ತಂದೆ ತಾಯಿ ಇಬ್ಬರಿಂದಲೂ ದೋಷವಿರುವ ಜೀನ್ ಬಂದರೆ ಮಾತ್ರ ಮಗುವಿಗೆ ರೋಗ. ಸೋದರಮಾವ, ಅತ್ತೆಯ ಮಗ ಎಂದು ರಕ್ತಸಂಬಂಧದಲ್ಲೇ ಮದುವೆ ಮಾಡುವ ನಮ್ಮ ಕಡೆ ಈ ಬಗೆಗೆ ಅವಕಾಶ ಹೆಚ್ಚು: ಹಾಗೆ ಇಬ್ಬರೂ ಒಂದೇ ಜೀನಿನ ವಾಹಕರಾಗಿದ್ದರೆ ಪ್ರತಿ ಬಸಿರಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಮದುವೆಗೆ ಮುಂಚೆಯೋ ಬಸಿರಿಗೆ ಮುಂಚೆಯೋ ವಂಶವಾಹಿ ತಪಾಸಣೆ ಮಾಡಿಸಿ, ಯಾವ ಬಗೆ ಎಂದು ತಿಳಿದುಕೊಂಡರೆ ಊಹಿಸುತ್ತ ಕೂರುವುದು ತಪ್ಪುತ್ತದೆ.

ಇನ್ನು ಒಲೆ. ಗ್ಯಾಸ್ ಹಚ್ಚಿದ ಮೇಲೆ ಪಾತ್ರೆ ಇಡುವುದು ಕಾಣುವವರ ಪದ್ಧತಿ. ನಮ್ಮದು ಉಲ್ಟಾ. ತಣ್ಣಗಿರುವ ಬರ್ನರಿನ ಮೇಲೆ ಪಾತ್ರೆ ಇಟ್ಟು, ಸ್ಟ್ಯಾಂಡಿನ ನಾಲ್ಕೂ ಕಾಲಿನ ಮೇಲೆ ಸರಿಯಾಗಿ ಕೂತಿದೆಯೇ ಎಂದು ಬೆರಳಿನಿಂದ ನೋಡಿ, ಆಮೇಲೆ ಹಚ್ಚಬೇಕು. ಹತ್ತಿದೆಯೇ ಇಲ್ಲವೇ ಅನ್ನುವುದನ್ನು ಕಿವಿ ಹೇಳುತ್ತದೆ: ಬರೀ ಗ್ಯಾಸ್ ಹರಿದರೆ ಸಣ್ಣ ಸುಸ್ ಸಪ್ಪಳ, ಹತ್ತಿದರೆ ಬುಸ್ ಎಂಬ ದಪ್ಪ ದನಿ. ಎರಡು ಸಲ ಲೈಟರ್ ಒತ್ತಿದರೂ ಹತ್ತದಿದ್ದರೆ ನಾಬ್ ಬಂದ್ ಮಾಡಿ, ಕಿಟಕಿ ತೆರೆದು, ವಾಸನೆ ಹೋಗುವ ತನಕ ಕಾಯುವುದೇ. ಸೋರಿಕೆಯ ಅನುಮಾನ ಬಂದರೆ ರೆಗ್ಯುಲೇಟರ್ ಬಂದ್ ಮಾಡಿ, ಲೈಟಿನ ಸ್ವಿಚ್ ಮುಟ್ಟದೆ ಹೊರಗೆ ಬಂದು 1906ಕ್ಕೆ ಫೋನ್ ಮಾಡಬೇಕು. ಸೆರಗು ಸೊಂಟಕ್ಕೆ ಸಿಕ್ಕಿಸಿರಬೇಕು. ಒಲೆಯ ಮುಂದೆ ನೈಲಾನ್ ನೈಟಿ ಬೇಡವೇ ಬೇಡ.

ಹಾಲಿಗೆ ಎರಡು ಗೋಡೆಯ, ಸೀಟಿ ಹೊಡೆಯುವ ಹಾಲಿನ ಕುಕ್ಕರ್ ನಮ್ಮಂಥವರಿಗಾಗಿಯೇ ಮಾಡಿದಂತಿದೆ. ಗೋಡೆಗಳ ನಡುವೆ ನೀರು ತುಂಬುವ ತೂತು ಹಿಡಿಯ ಹತ್ತಿರ ಇರುತ್ತದೆ. ಆ ನೀರು ಕುದಿದಾಗ ಸೀಟಿ ಬರುತ್ತದೆ, ಹಾಲು ಉಕ್ಕುವುದಿಲ್ಲ. ನೀರು ಹಾಕುವುದು ಮರೆತರೆ ಸೀಟಿಯೇ ಬಾರದು, ತಳ ಹೊತ್ತುವ ವಾಸನೆ ಬರುತ್ತದೆ, ಕುಕ್ಕರಿನ ಆಯುಷ್ಯ ಅಲ್ಲಿಗೆ ಮುಗಿಯುತ್ತದೆ. ಹಾಗಾಗಿ ಮೊದಲು ನೀರು, ಆಮೇಲೆ ಹಾಲು.

ಜೋಳದ ರೊಟ್ಟಿ ಇಲ್ಲದ ಮನೆ ನಮ್ಮ ಸೀಮೆಯಲ್ಲಿ ಮನೆಯೇ ಅಲ್ಲವಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಜೋಳದ ಹಿಟ್ಟಿನಲ್ಲಿ ಗೋಧಿಯ ಜಿಗುಟು ಇಲ್ಲ. ಕುದಿವ ನೀರಿನಲ್ಲಿ ಹಿಟ್ಟಿನ ಗಂಜಿ ಬೆಂದು ಅಂಟುವುದರಿಂದಲೇ ರೊಟ್ಟಿ ನಿಲ್ಲುತ್ತದೆ. ಒಂದು ಬಟ್ಟಲು ಹಿಟ್ಟಿಗೆ ಅದೇ ಬಟ್ಟಲಿನ ಮುಕ್ಕಾಲು ನೀರು ಎಸರಿಟ್ಟು, ಗಳಗಳ ಸಪ್ಪಳ ಬಂದ ಮೇಲೆ ಹಿಟ್ಟಿನ ನಡುವಿನ ಕುಣಿಗೆ ಸುರಿಯಬೇಕು. ಇಲ್ಲಿ ಸುಟ್ಟುಕೊಳ್ಳುವುದೇ ಹೆಚ್ಚು. ಪಾತ್ರೆಯ ಬಾಯಿಯನ್ನು ಪರಾತದ ಅಂಚಿಗೆ ತಾಗಿಸಿಕೊಂಡೇ ಬಗ್ಗಿಸಿದರೆ ನೀರು ದಾರಿ ತಪ್ಪುವುದಿಲ್ಲ. ಮೊದಲು ಚಮಚದಲ್ಲಿ ಕಲಸಿ, ಕೈ ತಡೆಯುವಷ್ಟು ಬಿಸಿ ಇರುವಾಗಲೇ ನಾದಬೇಕು. ಹಿಟ್ಟು ಹಳೆಯದಾದರೆ ಎಷ್ಟು ನಾದಿದರೂ ಅಂಚು ಸೀಳುತ್ತದೆ. ಅದಕ್ಕೇ ಗಿರಣಿಗೆ ಒಮ್ಮೆಗೆ ಎಂಟು ಹತ್ತು ದಿನಕ್ಕಾಗುವಷ್ಟೇ ಜೋಳ.

ಬಡಿಯುವುದು ಕಣ್ಣಿನ ಕೆಲಸವೇ ಅಲ್ಲ. ಬಲಗೈ ಬಡಿಯುತ್ತಿರುವಾಗ ಎಡಗೈ ಬೆರಳು ಅಂಚನ್ನು ಸುತ್ತಿಸುತ್ತ ದಪ್ಪ ತೆಳು ನೋಡುತ್ತವೆ. ರೊಟ್ಟಿ ತಳಕ್ಕೆ ಅಂಟಿದರೆ ಸುತ್ತುವುದು ನಿಲ್ಲುತ್ತದೆ, ಅಂದರೆ ಒಣ ಹಿಟ್ಟು ಕಡಿಮೆಯಾಯಿತು ಅಂತ. ಕಷ್ಟ ಇರುವುದು ಹಂಚಿಗೆ ಹಾಕುವಲ್ಲಿ. ಹಿಡಿ ಇರುವ ಹಂಚನ್ನೇ ಬಳಸುತ್ತೇವೆ, ಹಿಡಿ ಯಾವಾಗಲೂ ಬಲಕ್ಕೆ, ಗೋಡೆಯ ಕಡೆ. ತನ್ನ ಕಡೆಗೆ ಚಾಚಿದ ಹಿಡಿಯನ್ನು ತೆವಳುವ ಕೂಸು ಒಂದು ದಿನ ಎದ್ದು ನಿಂತು ಎಳೆದೇ ಎಳೆಯುತ್ತದೆ. ಕಟ್ಟಿಗೆಯ ಮಗುಚುವ ಚಮಚದಿಂದ ಹಂಚಿನ ಹತ್ತಿರದ ಅಂಚು, ದೂರದ ಅಂಚು ತಟ್ಟಿ ನೋಡಿ, ಅಂಗೈ ಮೇಲಿನ ರೊಟ್ಟಿಯ ದೂರದ ತುದಿಯನ್ನು ಮೊದಲು ಬಿಟ್ಟು ಕೈ ತನ್ನ ಕಡೆ ಎಳೆದುಕೊಳ್ಳಬೇಕು. ಒಣ ಹಿಟ್ಟಿನ ಮೈ ಮೇಲೆ ಬರುತ್ತದೆ. ಗೇಣುದ್ದದ ಹತ್ತಿ ಅರಿವೆ ಒದ್ದೆ ಮಾಡಿ, ಹಿಂಡಿ, ಮೇಲೆ ಸವರಬೇಕು. ಅರಿವೆಯಿಂದ ನೀರು ತೊಟ್ಟಿಕ್ಕಿದರೆ ಹಂಚಿನ ಉಗಿ ಕೈಗೆ ಹೊಡೆಯುತ್ತದೆ. ಸವರಿದ ನೀರಿನ ಚುರ್ ಸಪ್ಪಳ ಅಡಗಿದಾಗ ಮಗುಚುವ ಹೊತ್ತು. ಉಬ್ಬಿದ್ದು ತಿಳಿಯುವುದು ಮಡಚಿದ ಅರಿವೆಯಿಂದ ಅಂಚು ಒತ್ತಿದಾಗ: ಗಾಳಿ ತುಂಬಿದ ಮೈ ಮೆತ್ತಗೆ ತಿರುಗಿ ಒತ್ತುತ್ತದೆ.

ಕೂಸಿನ ವಿಷಯಕ್ಕೆ ಬರೋಣ. ಸ್ನಾನಕ್ಕೆ ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಈ ಕ್ರಮ ಎಂದೂ ಬದಲಾಗಬಾರದು. ಬೆರಸಿ, ಮೊಣಕೈ ಅದ್ದಿ ನೋಡಬೇಕು, ಯಾಕೆಂದರೆ ದಿನಾ ಒಲೆ ಮುಟ್ಟುವ ಅಂಗೈಗೆ ಬಿಸಿ ಸರಿಯಾಗಿ ಹತ್ತುವುದಿಲ್ಲ. ಸ್ನಾನ ಮುಗಿದ ಕೂಡಲೇ ಬಕೆಟ್ ಬೋರಲು. ತೆವಳುವ ಕೂಸಿಗೆ ಗೇಣು ನೀರೂ ಅಪಾಯವೇ. ಮಲ ಮೂತ್ರಕ್ಕೆ ಒರೆಸುವುದಕ್ಕಿಂತ ಹರಿಯುವ ನೀರಿನಲ್ಲಿ ತೊಳೆಯುವುದೇ ನಮಗೆ ಭರವಸೆ. ಜಿಗುಟು ಹೋಗಿ ಚರ್ಮ ಬೆರಳಿಗೆ ಕಿರುಗುಟ್ಟಿದರೆ ಸ್ವಚ್ಛವಾಯಿತು ಅಂತ. ಉಗುರಿಗೆ ಕಟರ್ ಬೇಡ. ಮಲಗಿದಾಗ ಉಗುರು ಅರದಿಂದ ತಿಕ್ಕಿದರೆ ಸಾಕು. ಆರು ತಿಂಗಳ ಮೇಲೆ ಗಂಜಿ, ಕಿಚಡಿ ಶುರು ಮಾಡಿದಾಗ ಎಡಗೈ ಹೆಬ್ಬೆರಳು ಕೆಳತುಟಿಯ ಕೆಳಗೆ ಇಟ್ಟುಕೊಂಡರೆ ಚಮಚಕ್ಕೆ ದಾರಿ ಸಿಗುತ್ತದೆ. ಬಾಯಿ ತೆರೆದದ್ದೂ, ಮುಖ ತಿರುಗಿಸಿದ್ದೂ ಆ ಬೆರಳಿಗೇ ಮೊದಲು ಗೊತ್ತಾಗುತ್ತದೆ.

ಮುಟ್ಟಿ ತಿಳಿಯಲಾಗದವೂ ಇವೆ, ಅಲ್ಲಿ ಹಟ ಮಾಡಬಾರದು. ಹುಟ್ಟಿದ ಮೊದಲ ವಾರ ಕೂಸಿನ ಮೈ, ಕಣ್ಣು ಹಳದಿಯಾಗಿದೆಯೇ ಎಂದು ದಿನಾ ಹಗಲು ಬೆಳಕಿನಲ್ಲಿ ಕಾಣುವವರು ಒಬ್ಬರು ನೋಡಲೇಬೇಕು. ಮಲದಲ್ಲಿ ರಕ್ತ, ಮೈಮೇಲಿನ ಕೆಂಪು ಕಲೆ, ಗಂಟಲೊಳಗಿನ ಬಿಳಿ ಚುಕ್ಕೆ, ಇವಕ್ಕೆಲ್ಲ ನಂಬಿಕೆಯ ಇಬ್ಬರು ಮೂವರಿಗೆ ವಿಡಿಯೋ ಕಾಲ್. ಬಿ ಮೈ ಐಸ್ ಆ್ಯಪಿನಲ್ಲಿ ಅಪರಿಚಿತ ಸ್ವಯಂಸೇವಕರು ಸಿಗುತ್ತಾರೆ. ಡಬ್ಬಿಯ ಮೇಲಿನ ತಾರೀಖು ಓದಿಸಲು ಅದು ಛಲೋ, ಕೂಸಿನ ಮೈ ತೋರಿಸಲು ನಾವು ಬಳಸುವುದಿಲ್ಲ.

ಮುಟ್ಟಿ ತಿಳಿಯುವವು ಜನ ಅಂದುಕೊಂಡದ್ದಕ್ಕಿಂತ ಹೆಚ್ಚು. ಹಾಲು ಸಾಲುತ್ತಿದೆಯೇ ಎಂದು ನೋಡಲು ಒದ್ದೆ ಲಂಗೋಟಿ ಎಣಿಸುವುದು: ಮೊದಲ ವಾರ ದಾಟಿದ ಮೇಲೆ ದಿನಕ್ಕೆ ಆರಾದರೂ ಬೇಕು. ಒಂದೊಂದಕ್ಕೂ ಒಂದು ಹುಣಸೆ ಬೀಜ ಡಬ್ಬಿಗೆ ಹಾಕಿದರೆ ಲೆಕ್ಕ ತಪ್ಪದು (ಡಬ್ಬಿ ಎತ್ತರದಲ್ಲಿರಲಿ, ಬೀಜ ಕೂಸಿನ ಬಾಯಿಗೆ ಹೋದೀತು). ವಾಂತಿ ಭೇದಿಯಲ್ಲಿ ನೆತ್ತಿ ತಗ್ಗಾಗಿದೆಯೇ ಎಂದು ಬೆರಳು ಹೇಳುತ್ತದೆ. ನೆಗಡಿ ಕೆಮ್ಮಿನಲ್ಲಿ ಹೊಟ್ಟೆಯ ಮೇಲೆ ಅಂಗೈ ಇಟ್ಟು, ಫೋನಿನಲ್ಲಿ ಒಂದು ನಿಮಿಷದ ಟೈಮರ್ ಇಟ್ಟು, ಉಸಿರು ಎಣಿಸಬೇಕು. ಎರಡು ತಿಂಗಳೊಳಗಿನ ಕೂಸಿಗೆ 60, ಎರಡರಿಂದ ಹನ್ನೆರಡು ತಿಂಗಳೊಳಗೆ 50, ಒಂದರಿಂದ ಐದು ವರ್ಷದೊಳಗೆ 40 ಮುಟ್ಟಿದರೆ ಅದು ವೇಗದ ಉಸಿರು. ಆಗ ಮನೆಮದ್ದು ಬಿಟ್ಟು ಆಸ್ಪತ್ರೆ. ಅರ್ಧ ನಿಮಿಷ ಎಣಿಸಿ ಇಮ್ಮಡಿ ಮಾಡಬಾರದು, ಕೂಸಿನ ಉಸಿರು ಒಂದೇ ಸಮ ಇರುವುದಿಲ್ಲ. ಅಳುವಾಗ, ಹಾಲು ಕುಡಿಯುವಾಗ ಎಣಿಸಿದ್ದೂ ಲೆಕ್ಕಕ್ಕಿಲ್ಲ.

ಔಷಧಿಯ ಅಳತೆಗೆ ಸೂಜಿ ಇಲ್ಲದ 5 ಮಿಲಿ ಸಿರಿಂಜ್. ಮುಚ್ಚಳದ ಗೆರೆಗಳು ಬೆರಳಿಗೆ ಹತ್ತುವುದಿಲ್ಲ, ಚಮಚಗಳಂತೂ ಮನೆಗೊಂದು ಅಳತೆ. ಕಾಣುವವರಿಂದ ವೈದ್ಯರು ಹೇಳಿದಷ್ಟು ಮಿಲಿ ಎಳೆಸಿ, ಒಳದಂಡ ಹೊರಗೆ ಬರುವ ಕಡೆ, ಸರಿಯಾಗಿ ಸಿರಿಂಜಿನ ಅಂಚಿನಲ್ಲಿ, ದಂಡಕ್ಕೆ ಚಾಕುವಿನಿಂದ ಸಣ್ಣ ಕಚ್ಚು ಹಾಕಿಸಬೇಕು. ಮುಂದೆ ಆ ಕಚ್ಚು ಉಗುರಿಗೆ ಸಿಗುವ ತನಕ ಎಳೆದರೆ ಅಳತೆ ಸರಿ. ಒಂದು ಸಿರಿಂಜಿಗೆ ಒಂದೇ ಕಚ್ಚು. ಬೇರೆ ಔಷಧಿಗೆ ಬೇರೆ ಸಿರಿಂಜ್, ಅದಕ್ಕೂ ಬಾಟಲಿಯಷ್ಟೇ ರಬ್ಬರ್ ಬ್ಯಾಂಡ್. ಕೂಸಿನ ತೂಕ ಏರಿದಾಗ ಹಳೆ ಸಿರಿಂಜ್ ಮುರಿದು ಎಸೆಯಬೇಕು. ಎಳೆಯುವಾಗ ಗಾಳಿ ಬಂದರೆ ದಂಡ ಹಗುರ ಅನ್ನಿಸುತ್ತದೆ. ಬಾಟಲಿಗೆ ವಾಪಸ್ ಒತ್ತಿ, ಸಾವಕಾಶ ಮತ್ತೊಮ್ಮೆ ಎಳೆಯುವುದು.

ದೊಡ್ಡ ತಪ್ಪು ಆಗುವುದು ಅಳತೆಯಲ್ಲಿ ಅಲ್ಲ, ಬಾಟಲಿ ತರುವಲ್ಲಿ. ಪ್ಯಾರಾಸಿಟಮಾಲ್ ಡ್ರಾಪ್ಸ್‌ನಲ್ಲಿ ಸಾಮಾನ್ಯವಾಗಿ 1 ಮಿಲಿಗೆ 100 ಮಿಲಿಗ್ರಾಂ. ಸಿರಪ್ಪುಗಳಲ್ಲಿ 5 ಮಿಲಿಗೆ 120 ಅಥವಾ 125 ಇರುವುದೊಂದು, 250 ಇರುವುದೊಂದು. ಅಂದರೆ ಸಿರಪ್ಪಿನ ಅಳತೆಯಲ್ಲಿ ಡ್ರಾಪ್ಸ್ ಹಾಕಿದರೆ ನಾಲ್ಕು ಪಟ್ಟಿನಷ್ಟು ಔಷಧಿ ಒಳಗೆ ಹೋಗಬಹುದು. ಔಷಧಿ ಅಂಗಡಿಯಲ್ಲಿ “ಅದು ಇಲ್ಲ, ಇದೂ ಅದೇ ಐತಿ ತಗೋರಿ” ಅಂದರೆ “5 ಎಂಎಲ್‌ಗೆ ಎಷ್ಟು ಎಂಜಿ ಅಂತ ಓದಿ ಹೇಳ್ರಿ” ಎಂದು ಕೇಳಿ, ಅದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೇ ಬರಬೇಕು. ಓಆರ್‌ಎಸ್‌ನಲ್ಲೂ ಹೀಗೇ: ದೊಡ್ಡ ಪೊಟ್ಟಣ 1 ಲೀಟರಿಗೆ, ಸಣ್ಣದು 200 ಮಿಲಿಗೆ. ಅಂಗಡಿಯ 1 ಲೀಟರ್ ನೀರಿನ ಬಾಟಲಿಯೊಂದನ್ನು ತೊಳೆದು ಅಳತೆಗೆಂದೇ ಇಟ್ಟುಕೊಂಡರೆ ಸಾಕು. ನೀರು ಕಡಿಮೆಯಾಗಿ ಪುಡಿ ಹೆಚ್ಚಾದರೆ ಉಪ್ಪು ಹೆಚ್ಚಾಗಿ ಕೂಸಿಗೆ ಕೇಡು.

ಕೂಸು ತೆವಳಲು ಶುರು ಮಾಡಿದ ಮೇಲೆ ದಿನಾ ಬೆಳಿಗ್ಗೆ ಮೊದಲ ಕೆಲಸ ನಾವೂ ತೆವಳುವುದು. ಕಸಬರಿಗೆ ಬಿಟ್ಟ ಗುಂಡಿ, ನಾಣ್ಯ, ಕಡಲೆಕಾಳು ಅಂಗೈಗೆ ಸಿಗುತ್ತವೆ. ಗುಂಡಿಯಾಕಾರದ ಬ್ಯಾಟರಿ ಇರುವ ಆಟಿಕೆ ಮನೆಗೆ ತರುವುದೇ ಇಲ್ಲ, ನುಂಗಿದರೆ ಅನ್ನನಾಳ ಸುಡುತ್ತದೆ. ಕಾಲಿಗೆ ಗೆಜ್ಜೆ. ಇದು ಅಲಂಕಾರಕ್ಕೆಂದು ಅಜ್ಜಿಯರು ಹಾಕುವುದು, ನಮಗೆ ಅದೇ ಕಣ್ಣು. ಆದರೆ ಗೆಜ್ಜೆಯ ಸಪ್ಪಳ ಕೇಳಿ ನೆಮ್ಮದಿಯಾಗಿರುವುದಲ್ಲ, ಸಪ್ಪಳ ನಿಂತಾಗ ಏಳುವುದು ಮುಖ್ಯ. ಸುಮ್ಮನೆ ಕೂತ ಕೂಸು ಏನನ್ನೋ ಬಾಯಿಗೆ ಹಾಕಿಕೊಂಡಿರುತ್ತದೆ. ವಾರಕ್ಕೊಮ್ಮೆ ಕೊಂಡಿ, ಕಿರುಗೆಜ್ಜೆ ಎಳೆದು ನೋಡಬೇಕು. ಸಡಿಲಾದ ಗೆಜ್ಜೆಯೇ ಗಂಟಲಿಗೆ ಹೋಗುವ ವಸ್ತು. ಒಂದು ವಿಚಿತ್ರ ಅಂದರೆ ಎರಡು ವರ್ಷಕ್ಕೆಲ್ಲ ಮಕ್ಕಳು ಗೆಜ್ಜೆ ಸಪ್ಪಳವಾಗದ ಹಾಗೆ ಓಡಾಡುವುದನ್ನು ಕಲಿತುಬಿಡುತ್ತವೆ.

ಹೊರಗೆ ಹೋಗುವಾಗ ಬಲಗೈಯಲ್ಲಿ ಬಿಳಿ ಕೋಲು. ನೆಟ್ಟಗೆ ನಿಲ್ಲಿಸಿದರೆ ಅದು ಎದೆಗೂಡಿನ ನಡು ಎಲುಬಿಗೆ ಬರಬೇಕು. ಗಿಡ್ಡದಾದರೆ ತಗ್ಗು ತಿಳಿಯುವ ಹೊತ್ತಿಗೆ ಕಾಲು ಅದರಲ್ಲೇ ಇರುತ್ತದೆ. ತಳ್ಳುವ ಗಾಡಿ ನಮಗಲ್ಲ: ಕೋಲಿಗಿಂತ ಮೊದಲು ಕೂಸೇ ತಗ್ಗಿಗೆ ಇಳಿಯುತ್ತದೆ. ಎದೆಗೆ ಕಟ್ಟಿಕೊಂಡರೆ ಮುಗ್ಗರಿಸಿದಾಗ ಪೆಟ್ಟು ಕೂಸಿಗೆ. ಬೆನ್ನಿಗೆ ಕಟ್ಟುವ ಚೀಲವೇ ಸರಿ. ನಡೆಯಲು ಕಲಿತ ಮೇಲೆ ಎಡಗೈಗೆ ಮಗುವಿನ ಕೈ, ಎರಡೂ ಮಣಿಕಟ್ಟಿಗೆ ಸೇರಿಸಿ ಒಂದು ಪಟ್ಟಿ.

ಆಲಮಟ್ಟಿ ಹಿನ್ನೀರಿಗೆ ಹಳೆ ಬಾಗಲಕೋಟೆಯ ಭಾಗ ಮುಳುಗುವುದೆಂದು ನವನಗರ ಕಟ್ಟಿದರು. ಸೆಕ್ಟರ್ ನಂಬರು, ನೇರ ರಸ್ತೆ, ಎಲ್ಲ ಅಚ್ಚುಕಟ್ಟು. ಕಾಣುವವರು “ನಿಮಗ ಆರಾಮ ಆತು” ಅನ್ನುತ್ತಾರೆ. ನಮಗೆ ಹಳೆ ಊರಿನ ಇಕ್ಕಟ್ಟು ಓಣಿಯೇ ಸುಲಭ: ಗಿರಣಿಯ ಸಪ್ಪಳ, ಚಹಾ ಅಂಗಡಿಯ ವಾಸನೆ, ಗೋಡೆಯಿಂದ ತಿರುಗಿ ಬರುವ ಕೋಲಿನ ದನಿ, ಹೆಜ್ಜೆಗೊಂದು ಗುರುತು. ಅಗಲ ರಸ್ತೆಯಲ್ಲಿ ದನಿ ತಿರುಗಿ ಬರುವುದಿಲ್ಲ, ದಾಟುವಾಗ ನೇರ ಹೋದೆವೋ ಓರೆಯೋ ತಿಳಿಯದು. ಸರ್ಕಲ್ಲಿನಲ್ಲಿ ಗಾಡಿಗಳು ನಿಲ್ಲದೆ ಸುತ್ತುತ್ತಿರುತ್ತವೆ. ಅದರಿಂದ ದೂರ ಸರಿದು, ಎರಡೇ ದಿಕ್ಕಿನ ಸಪ್ಪಳ ಇರುವಲ್ಲಿ ದಾಟುವುದು ವಾಸಿ. ಕರೆಂಟಿನ ಸ್ಕೂಟರು ಬಂದ ಮೇಲೆ ಕಿವಿಯನ್ನೂ ಪೂರಾ ನಂಬುವಂತಿಲ್ಲ. ಅಂಧರಿಗೆ ಸಾರಿಗೆ ಬಸ್ಸಿನ ಪಾಸ್ ಉಚಿತ, ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಬೇಕು.

ಸಂತೆಯಲ್ಲಿ ನೋಟು. ಈಗಿನ ಸರಣಿಯ 100, 200, 500 ಮೂರರ ಅಗಲವೂ 66 ಮಿಲಿಮೀಟರ್. ಉದ್ದ 142, 146, 150. ನಾಲ್ಕು ಮಿಲಿಮೀಟರ್ ಅಂತರವನ್ನು ಗಡಿಬಿಡಿಯಲ್ಲಿ ಬೆರಳು ಹಿಡಿಯಲಾರದು. ಅಂಚಿನ ಉಬ್ಬು ಗೆರೆಗಳು 100ಕ್ಕೆ ಮತ್ತು 200ಕ್ಕೆ ನಾಲ್ಕು (200ರಲ್ಲಿ ನಡುವೆ ಎರಡು ಸುತ್ತು), 500ಕ್ಕೆ ಐದು. ಹೊಸ ನೋಟಿನಲ್ಲಿ ಸಿಗುತ್ತವೆ, ಸವೆದದ್ದರಲ್ಲಿ ಇಲ್ಲ. ಹಾಗಾಗಿ ಮನೆಯಲ್ಲೇ ಮಡಿಕೆ: 100 ಬಿಡಿಸಿಟ್ಟದ್ದು, 200 ಅಡ್ಡಕ್ಕೆ ಒಂದು ಮಡಿಕೆ, 500 ಉದ್ದಕ್ಕೆ. ರಿಸರ್ವ್ ಬ್ಯಾಂಕ್ 2020ರಲ್ಲಿ ಬಿಟ್ಟ ಮಣಿ ಆ್ಯಪ್ ಇಂಟರ್ನೆಟ್ ಇಲ್ಲದೆಯೂ ನೋಟು ಎಷ್ಟರದೆಂದು ಹೇಳುತ್ತದೆ, ಖೋಟಾ ಹೌದೋ ಅಲ್ಲವೋ ಹೇಳುವುದಿಲ್ಲ. 20 ರೂಪಾಯಿ ನಾಣ್ಯಕ್ಕೆ ಹನ್ನೆರಡು ಮೂಲೆ, ಅದೊಂದು ಪುಣ್ಯ.

ಬ್ಯಾಂಕಿನಲ್ಲಿ ಚೆಕ್‌ಬುಕ್ಕು, ಎಟಿಎಂ ಕಾರ್ಡು ಕೇಳಿದಾಗ “ಕಾಣದವರಿಗೆ ಕೊಡಂಗಿಲ್ರಿ” ಎಂಬ ಮಾತು ಈಗಲೂ ಕೇಳಿಬರುತ್ತದೆ. ದೃಷ್ಟಿ ಇಲ್ಲದವರಿಗೆ ಈ ಸೌಲಭ್ಯ ಯಾವುದನ್ನೂ ನಿರಾಕರಿಸಬಾರದೆಂದು ರಿಸರ್ವ್ ಬ್ಯಾಂಕ್ 2008ರಲ್ಲೇ ಸುತ್ತೋಲೆ ಕಳಿಸಿದೆ. ಜಗಳ ಆಡುವ ಬದಲು “ಇಲ್ಲ ಅಂತ ಬರದು ಕೊಡ್ರಿ” ಅನ್ನುವುದು ಹೆಚ್ಚು ಕೆಲಸ ಮಾಡುತ್ತದೆ.

ಯಜಮಾನರ ಕೆಲಸ ಕಚೇರಿಯಲ್ಲಿ, ಕಂಪ್ಯೂಟರಿನ ಮುಂದೆ. ಎನ್‌ವಿಡಿಎ ಎಂಬುದು ತೆರೆಯ ಮೇಲಿನದನ್ನು ಓದಿ ಹೇಳುವ ಉಚಿತ ತಂತ್ರಾಂಶ, ಕನ್ನಡವನ್ನೂ ಓದುತ್ತದೆ. ಓದದಿರುವುದು ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪಿಸಿದ ಕಡತ. ಅಲ್ಲಿ ತೆರೆಯ ಮೇಲೆ ಕಾಣುವುದು ಕನ್ನಡ, ಒಳಗೆ ಇರುವುದು ಇಂಗ್ಲಿಷ್ ಕೀಲಿಗಳ ಸಂಕೇತ. ಕಿವಿಗೆ ಅರ್ಥವಿಲ್ಲದ ಸರಮಾಲೆ ಬೀಳುತ್ತದೆ. ಯೂನಿಕೋಡಿಗೆ ಬದಲಿಸಿದರೆ ಓದುತ್ತದೆ. ಸ್ಕ್ಯಾನ್ ಮಾಡಿದ ಪಿಡಿಎಫ್ ಆದರೆ ಗೂಗಲ್ ಡ್ರೈವಿಗೆ ಹಾಕಿ ಡಾಕ್ಸ್‌ನಲ್ಲಿ ತೆರೆಯಬೇಕು. ಅಕ್ಷರ ಬರುತ್ತದೆ, ಆದರೆ ಕನ್ನಡ ಅಂಕಿಯ ಸೊನ್ನೆ, ಅನುಸ್ವಾರದ ಸೊನ್ನೆ ಒಂದಕ್ಕೊಂದು ಬದಲಾಗುವುದರಿಂದ ಮೊತ್ತ, ತಾರೀಖುಗಳನ್ನು ಇನ್ನೊಬ್ಬರಿಂದ ಓದಿಸಿಯೇ ಸಹಿ ಹಾಕುವುದು. ನೇಮಕಾತಿಯ ಹೊತ್ತಿಗೆ “ಹಾಡೂ ಬರಬೇಕಲ್ರಿ ನಿಮಗ?” ಎಂದವರಿದ್ದಾರಂತೆ. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಈ ಸೀಮೆಗೆ ಅಷ್ಟು ದೊಡ್ಡ ಹೆಸರು. ಕಣ್ಣು ಕಾಣದವರೆಲ್ಲ ಹಾರ್ಮೋನಿಯಂ ಬಾರಿಸುತ್ತಾರೆ ಎಂಬ ಭ್ರಮೆ ಮಾತ್ರ ಉಳಿದಿದೆ.

ಇದಕ್ಕೆಲ್ಲ ಮೊದಲು ಕೇಳುವುದು ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ. ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ, ಆಮೇಲೆ ಆಸ್ಪತ್ರೆಯಲ್ಲಿ ತಪಾಸಣೆ. ವೈಕಲ್ಯ ಶೇ. 40ಕ್ಕಿಂತ ಕಡಿಮೆ ಇದ್ದರೆ ಬಿಳಿ ಕಾರ್ಡ್, 40ರಿಂದ 80ರೊಳಗೆ ಹಳದಿ, 80 ಮತ್ತು ಮೇಲೆ ನೀಲಿ. ಎಡವುವುದು ರೆಟಿನೈಟಿಸ್ ಇರುವವರು: ಗೋಡೆಯ ಮೇಲಿನ ಅಕ್ಷರ ಓದಿಬಿಡುತ್ತಾರೆ, “ಕಾಣತೈತಲ್ಲ” ಎಂದು ಶೇಕಡಾ ಇಳಿಯುತ್ತದೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ ಪ್ರಕಾರ ಒಳ್ಳೆಯ ಕಣ್ಣಿನ ದೃಷ್ಟಿ 3/60ಕ್ಕಿಂತ ಕಡಿಮೆ ಇದ್ದರಷ್ಟೇ ಅಲ್ಲ, ದೃಷ್ಟಿಯ ಹರವು 10 ಡಿಗ್ರಿಗಿಂತ ಕಡಿಮೆ ಇದ್ದರೂ ಅಂಧತ್ವವೇ. ಆದ್ದರಿಂದ ಎರಡೂ ಕಣ್ಣಿನ ಫೀಲ್ಡ್ ಟೆಸ್ಟ್ ವರದಿ ಕೈಯಲ್ಲಿ ಹಿಡಿದೇ ಹೋಗಬೇಕು. ಆಧಾರದಲ್ಲೂ ಹತ್ತನೇ ತರಗತಿಯ ಅಂಕಪಟ್ಟಿಯಲ್ಲೂ ಹೆಸರಿನ ಕಾಗುಣಿತ ಒಂದೇ ಇರಲಿ. ಅಂಧ ತಾಯಂದಿರಿಗೆ ರಾಜ್ಯದ ಶಿಶುಪಾಲನಾ ಭತ್ಯೆಯೂ ಇದೆ. ಹಳ್ಳಿಯಲ್ಲಾದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಹಿಡಿದರೆ ಅರ್ಜಿ ಸಾಗುತ್ತದೆ.

ಮಗು ಶಾಲೆಗೆ ಸೇರಿದ ಮೇಲಿನ ತೊಡಕು ಒಂದೇ: ಹೋಂವರ್ಕ್ ವಾಟ್ಸಾಪಿನಲ್ಲಿ ಫೋಟೋ ಆಗಿ ಬರುತ್ತದೆ. ಕೈಬರಹದ ಕನ್ನಡವನ್ನು ಆ್ಯಪ್‌ಗಳು ಎಡವುತ್ತ ಓದುತ್ತವೆ. “ಟೀಚರ್, ಎರಡು ಮಾತು ವಾಯ್ಸ್‌ನ್ಯಾಗ ಹೇಳಿಬಿಡ್ರಿ” ಅಂದರೆ ಬಹಳಷ್ಟು ಮಂದಿ ಒಪ್ಪುತ್ತಾರೆ. ಅಕ್ಷರ ತಿದ್ದಿಸಲು ಪರಾತದಲ್ಲಿ ರವೆ ಹರಡಿ ಬೆರಳಲ್ಲಿ ಬರೆಸಿದರೆ ಅದು ಬರೆದದ್ದು ನಮಗೂ ಸಿಗುತ್ತದೆ. ಮಗುವಿನಿಂದ ದಾರಿ ತೋರಿಸಿಕೊಳ್ಳುವುದು, ಬಸ್ಸಿನ ಬೋರ್ಡು ಓದಿಸುವುದು ಮಾತ್ರ ನಮ್ಮ ಮನೆಯಲ್ಲಿ ಇಲ್ಲ; ಐದು ವರ್ಷದ್ದಕ್ಕೆ ಅದು ಹೊರೆ, ರಸ್ತೆಯಲ್ಲಿ ಅಪಾಯ. ಅದಕ್ಕೆ ಇರುವ ಕೆಲಸ ಒಂದೇ, ನಮಗಿರುವುದೂ ಅದೇ: ತೆಗೆದದ್ದನ್ನು ತೆಗೆದಲ್ಲೇ ಇಡುವುದು. ಬಾಗಿಲ ಹಿಂದೆ ಮೂರು ಗೂಟ. ಮೊದಲನೆಯದಕ್ಕೆ ಬಿಳಿ ಕೋಲು, ಎರಡನೆಯದಕ್ಕೆ ಯಜಮಾನರ ಕೋಲು, ಕೈಯಳತೆಗೆ ಬರುವಂತೆ ಕೆಳಗೆ ಬಡಿದ ಮೂರನೆಯದಕ್ಕೆ ಶಾಲೆಯ ಚೀಲ.